ಮಾಲ್ಟ್ ಬಾಟ್ಲಿಯ ಮಿಡಿ

ಶಿಕಾರಿಪುರದ ಸರ್ವರ್ ಬೀ ತನ್ನ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಬಾಯಿ ಬಿಚ್ಚಿದರೆ, ಅತ್ತ ತೊಗರ್ಸಿಯಲ್ಲಿ ಜ್ವರ ಬಂದು ಮಲಗಿದವರೆಲ್ಲ ಎದ್ದು ಕೂತು ಗಂಜಿ ಕೇಳುತ್ತಿದ್ದರು. ಒಮ್ಮೆ ಹೆಣವೊಂದು ಮೂಗರಳಿಸಿತಂತೆ. ಹೂಳಲು ಬಂದವರು ಅನುಮಾನ ಬಿದ್ದು ಅರ್ಧ ದಿನ ಕಾದರು. ಮಿಡಿ ಬರುತ್ತಿದ್ದುದು ಸೊರಬದಲ್ಲಿದ್ದ ಅವಳ ತೌರಿನ ಹಿತ್ತಲ ಮರದಿಂದ. ಹೋದ ವರ್ಷ ರಸ್ತೆ ಅಗಲವಾಯಿತು, ಮರ ಸೌದೆಯಾಯಿತು. ಉಳಿದದ್ದು ಭರಣಿಯ ತಳದಲ್ಲಿದ್ದ ಕೊನೆಯ ಮಿಡಿಗಳು.

ಅವನ್ನವಳು ಕಾದಿಟ್ಟಿದ್ದು ಮಗಳು ಸಫೂರಾಳಿಗೆ. ಅವಳನ್ನು ಕೊಟ್ಟಿದ್ದೂ ಸೊರಬಕ್ಕೇ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಿ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಫೋನಿನಲ್ಲಿ ಒಂದೇ ಹಾಡು: "ಅಮ್ಮಿ, ನಿನ್ನ ಮಿಡಿ ಒಂದು ಕಚ್ಚಿದ್ರೆ ಅನ್ನ ಇಳೀತದೆ. ಬೇರೇನೂ ಬೇಡ ನಂಗೆ."

ಬಸ್ಸಿನಲ್ಲಿ ಭರಣಿ ಹೊರುವುದು ಹೇಗೆ? ಸರ್ವರ್ ಬೀ ಮಿಡಿಗಳನ್ನೆಲ್ಲ ಹಳೆಯದೊಂದು ಮಾಲ್ಟ್ ಪುಡಿಯ ಬಾಟ್ಲಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ತಿರುಪಿಟ್ಟು ಸ್ನಾನಕ್ಕೆ ಹೋದಳು.

ಸೊಸೆ ಫಿರ್ದೋಸ್ ಆ ವಾರವಷ್ಟೇ ಫೋನಿನಲ್ಲಿ ವೆಬ್ ಆ್ಯಪ್ ಒಂದನ್ನು ಹಿಡಿದಿದ್ದಳು. ಸಾಮಾನಿನ ಲೇಬಲ್ಲಿನ ಫೋಟೊ ಹೊಡೆದರೆ ಅದರ ಅವಧಿ ಯಾವಾಗ ಮುಗಿಯುತ್ತದೆಂದು ಅದು ಹೇಳುತ್ತಿತ್ತು, ಮುಗಿದಿದ್ದರೆ ಕೆಂಪಗಾಗುತ್ತಿತ್ತು. ಹಿಟ್ಟು, ಸೋಪು, ಸೊಳ್ಳೆಬತ್ತಿ ಯಾವುದನ್ನೂ ಸೊಸೆ ಬಿಡಲಿಲ್ಲ. ಬೆಕ್ಕಿಗೆ ಲೇಬಲ್ ಇಲ್ಲದ್ದರಿಂದ ಅದೊಂದು ಬದುಕಿತು. ಮಾಲ್ಟ್ ಬಾಟ್ಲಿಯ ಸರದಿ ಬಂತು. ಆ್ಯಪ್ ಕೆಂಡವಾಯಿತು. ಹೊರಗೆ ಪುರಸಭೆಯ ಕಸದ ಗಾಡಿ ಹಾಡುತ್ತ ನಿಂತಿತ್ತು, ಬಾಟ್ಲಿ ಅದರ ಹೊಟ್ಟೆ ಸೇರಿತು.

ಸರ್ವರ್ ಬೀ ಒದ್ದೆ ತಲೆಯಲ್ಲೇ ಬೀದಿಗೆ ಓಡಿದಳು. ಗಾಡಿ ತಿರುವು ದಾಟಿತ್ತು.

"ಅದು ಮಾಲ್ಟಿನ ಡೇಟು ಕಣೇ! ಒಳಗಿದ್ದಿದ್ದು ನನ್ನ ಉಪ್ಪಿನಕಾಯಿ!"

"ನಂಗೇನ್ ಗೊತ್ತಾಗ್ಬೇಕ್ರಿ ಅಮ್ಮಿ?" ಎಂದಳು ಫಿರ್ದೋಸ್. "ಮೇಲೊಂದು, ಒಳಗೊಂದು ಇಟ್ರೆ ಆ್ಯಪ್ ಆದ್ರೂ ಏನ್ ಮಾಡ್ಬೇಕು?"

ಮಗ ಮೊಯಿನ್ ತಿಂಡಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೋಗ್ಲಿ ಬಿಡಮ್ಮಿ. ಅಂಗಡೀಲಿ ಪ್ಯಾಕೆಟ್ ಸಿಗ್ತತಿ. ಅದ್ರ ಮೇಲೆ ಸರಿಯಾದ ಡೇಟೂ ಇರ್ತತಿ."

ಅಂಗಡಿಯ ಪ್ಯಾಕೆಟ್ಟನ್ನೇ ಮಡಿಲಲ್ಲಿಟ್ಟುಕೊಂಡು ಸರ್ವರ್ ಬೀ ಸೊರಬದ ಬಸ್ಸು ಹತ್ತಿದಳು. ಬರಿಗೈಗಿಂತ ವಾಸಿ ಎಂದುಕೊಂಡಳು. ಪಾಪ, ಬರಿಗೈಯೇ ವಾಸಿಯಿತ್ತು.

ಸಫೂರಾಳ ಕಣ್ಣುಗಳು ಎಷ್ಟು ಗುಳಿ ಬಿದ್ದಿದ್ದವೆಂದರೆ ಅವುಗಳೊಳಗೆ ಎರಡು ಬಾವಿ ತೋಡಬಹುದಿತ್ತು. ಪ್ಯಾಕೆಟ್ ತಿರುಗಿಸಿ ನೋಡಿದಳು. "ನಂದೆಲ್ಲಿ?"

ತಾಯಿ ಆ್ಯಪ್‌ನ ಕಥೆ ಹೇಳಿದಳು.

"ಫೋನು ಉಪ್ಪಿನಕಾಯಿ ಎಸೀತಾ? ಕೈ ಬಂದಿದ್ಯಾ ಅದಕ್ಕೆ? ಸೊಸೆ ತೌರಿಗೆ ಭರಣಿ, ಮಗಳಿಗೆ ಪ್ಯಾಕೆಟ್ಟು. ನೆಟ್ಟಗೆ ಹೇಳಮ್ಮಿ."

"ಅಲ್ಲಾನ ಆಣೆ ಕಣೇ..."

"ಆಣೆ ನೆಕ್ಕಿದ್ರೆ ಅನ್ನ ಇಳೀತದಾ?"

ಸರ್ವರ್ ಬೀ ಚೊಚ್ಚಲ ಬಾಣಂತನದ ಮಾತೆತ್ತಿದಳು. ತೌರಲ್ಲಿ ಕೋಣೆ ಸುಣ್ಣ ಬಳಿದು ಕಾದಿದೆ ಎಂದಳು.

"ಅಲ್ಲಿಗೆ ನಾ ಬರಲ್ಲ. ಮಗೂನೂ ಫೋನು ಎಸೀತು ಅಂತೀಯ ನೀನು" ಎಂದು ಸಫೂರಾ ಗೋಡೆಯ ಕಡೆ ತಿರುಗಿ ಮಲಗಿದಳು.

ಬರಲೂ ಇಲ್ಲ. ಮೊಮ್ಮಗ ಹುಟ್ಟಿದ್ದೂ, ಅವನಿಗೆ ಹಲ್ಲು ಬಂದದ್ದೂ ಸರ್ವರ್ ಬೀಗೆ ತಿಳಿದದ್ದು ಸೊರಬದ ಕಡೆಯಿಂದ ಬಂದ ಬಳೆಗಾರನ ಬಾಯಲ್ಲಿ.