ಮಳೆ ಹಾಡಿಗೆ ಅಳಲು ಬಿಡದ ಅಟ್ಟ

ಮಳೆ ಬರುವಾಗ ಕಿಟಕಿ ಪಕ್ಕ ಕೂತು, ಒಂದು ದುಃಖದ ಮಳೆ ಹಾಡು ಹಾಕಿಕೊಂಡು, ಅದು ಮುಗಿಯುವವರೆಗೂ ನೆಮ್ಮದಿಯಾಗಿ ಅತ್ತಿದ್ದೀರಾ? ನಿಜ ಹೇಳಿ. ನನಗಂತೂ ಒಂದು ಸಲವೂ ಆಗಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ತವರೂರು ನೊಣವಿನಕೆರೆಯಲ್ಲಿ ನನ್ನ ಅವ್ವ ತೀರಿಕೊಂಡಳು. ತಿಥಿಗೆ ಬಂದವರಿಗೆ ಎಲೆ ಹಾಕಿಸಿ, ಬಡಿಸಿ, ಬಾಡಿಗೆ ಪಾತ್ರೆ ತೊಳೆಸಿ ಕಳಿಸುವುದರಲ್ಲೇ ದಿನ ಹೋಯಿತು. ಅಳಲು ಹೊತ್ತೇ ಸಿಗಲಿಲ್ಲ. ಹಾಡು ಬರೆಯುವವರು ಮಳೆಗೂ ಕಣ್ಣೀರಿಗೂ ನಂಟು ಕಟ್ಟಿದ್ದಾರಲ್ಲ, ಅದನ್ನೇ ನಂಬಿದೆ. ಅವರ ಹಾಡಿನ ಹೆಂಗಸು ಕಿಟಕಿ ಬಿಟ್ಟು ಕದಲುವುದೇ ಇಲ್ಲ. ಹೊರಗಿನ ಬಟ್ಟೆ ಯಾರು ತೆಗೆಯುತ್ತಾರೋ, ಕರು ಯಾರು ಒಳಗೆ ಕಟ್ಟುತ್ತಾರೋ!

ಮೊನ್ನೆ ಮಧ್ಯಾಹ್ನ ಮಳೆ ಹಿಡಿಯಿತು. ನಮ್ಮ ಯಜಮಾನರು ತಿಪಟೂರಿಗೆ ಹೋಗಿದ್ದರು. ಅವ್ವನಿಗೆ ಇಷ್ಟವಾಗಿದ್ದ ಹಾಡು ಫೋನಿನಲ್ಲಿ ಹಾಕಿ ಕೂತೆ. ಪಲ್ಲವಿ ಮುಗಿಯುತ್ತಿದ್ದಂತೆ ಕಣ್ಣೊರೆಸಿಕೊಳ್ಳಲು ಸೆರಗು ಸಿದ್ಧ ಮಾಡಿಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ನಮ್ಮತ್ತೆ.

"ಲೇ, ಆ ಹಾಡು ಆರ್ಸೇ! ಅಟ್ಟದಾಗೆ ಹನಿ ಬೀಳೋ ಸದ್ದು ಕೇಳಂಗಿಲ್ಲ!"

ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತೇವೆ. ವರ್ಷದ ಹತ್ತಿರ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತದೆ. ನೀರು ತಾಗಿತೋ, ಕೌಟು ವಾಸನೆ ಹೊಡೆದು ಎಲ್ಲಾ ಹಾಳು. ಹಾಗಾಗಿ ಮಳೆ ಬಂದರೆ ಮನೆಯವರ ಕಿವಿಯೆಲ್ಲ ಮೇಲಕ್ಕೇ.

"ಇನ್ನೊಂದ್ ಚರಣ ಅಷ್ಟೇ ಅತ್ತೆ."

"ಚರಣ ಕಟ್ಕೊಂಡು ಏನ್ಮಾಡ್ತೀಯಾ? ಕಾಯಿ ನೆಂದ್ರೆ ಆ ಹಾಡೋನು ಬಂದು ಒಣಗುಸ್ತಾನಾ?"

ಏಣಿ ಹತ್ತಿದ್ದಾಯಿತು. ಕೋತಿಗಳು ಹೆಂಚು ಸರಿಸಿದ್ದವು, ನೀರು ನೇರ ಕಾಯಿಯ ರಾಶಿಯ ಮೇಲೆ. ಬೀಳುವ ಕಡೆಗೊಂದು ಬಕೆಟ್ ಇಟ್ಟು, ಕಾಯಿಗಳನ್ನು ಒಣ ಮೂಲೆಗೆ ಸಾಗಿಸತೊಡಗಿದೆವು. ಅತ್ತೆ ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದರು. ನಾನು ಮುಖ ಗಂಟಿಕ್ಕಿಕೊಂಡೇ ಜೋಡಿಸುತ್ತಿದ್ದೆ.

"ಹಾಡು ನಿಂತಿದ್ದಕ್ಕೆ ಇಷ್ಟು ಸಿಟ್ಟೇನೇ?"

"ಹಾಡಿಗಲ್ಲ ಅತ್ತೆ. ಅವ್ವ ನೆಪ್ಪಾಗಿದ್ಲು. ಅಳೋಣ ಅಂತ ಕೂತಿದ್ದೆ."

ಅತ್ತೆ ಇನ್ನೊಂದು ಕಾಯಿ ಒರೆಸಿ ನನ್ನ ಕೈಗಿಟ್ಟರು. "ಅಳು, ಯಾರ್ ಬ್ಯಾಡ ಅಂದೋರು? ಕೈ ಮಾತ್ರ ನಿಲ್ಲುಸ್ಬ್ಯಾಡ ಕಣೇ."

ಪ್ರಯತ್ನ ಮಾಡಿದೆ ಕಣ್ರೀ. ಅಟ್ಟದ ಧೂಳಿಗೆ ಸೀನು ಬಂತು, ಅಳು ಬರಲಿಲ್ಲ. ಕೆಳಗಿಳಿಯುವಷ್ಟರಲ್ಲಿ ಮಳೆ ನಿಂತು ಬಿಸಿಲು ಕಾಯುತ್ತಿತ್ತು. ಹಾಡು ಮತ್ತೆ ಹಾಕಿದೆ. ಆರಿದ ಕಾಫಿ ಕುಡಿದ ಹಾಗಿತ್ತು.

ಅವ್ವನಿಗಾಗಿ ನಾನು ಇನ್ನೂ ಅತ್ತಿಲ್ಲ. ಇದು ನನ್ನೊಬ್ಬಳ ಪಾಡಾ, ನಿಮ್ಮದೂ ಹೀಗೇನಾ? ಹೋದವರಿಗಾಗಿ ನಿಮಗೆ ಕೊನೆಗೂ ಅಳು ಬಂದದ್ದು ಯಾವ ಕೆಲಸದ ನಡುವೆ? ಕೆಳಗೆ ಬರೆಯಿರಿ. ಯಾವ ಹಾಡು ಅಂತ ಬೇಡ, ಆ ಹೊತ್ತು ಕೈಯಲ್ಲಿ ಏನಿತ್ತು, ಅದನ್ನು ಹೇಳಿ.