ತಣ್ಣಗಾದ ಮನೆಯ ನೊಣಗಳು

ನಫೀಸಾ ಮೇಡಂ ಬರುವುದಕ್ಕೆ ಮುಂಚೆ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಸಿಯಾಟಲ್‌ನಲ್ಲಿ ನಾನು ಓದಿದ ವಿಶ್ವವಿದ್ಯಾಲಯದ ಆ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಸಾಕು, ಅವರು ಇವತ್ತು ಬಂದಿದ್ದಾರೋ ಇಲ್ಲವೋ ಎಂದು ಮೂಗಿಗೇ ತಿಳಿಯುತ್ತಿತ್ತು. ಉಳಿದವರು ಮುಖ ಸಿಂಡರಿಸುತ್ತಿದ್ದರು. ನನಗೆ ಮಾತ್ರ ಮೊದಲ ದಿನವೇ ಕಣ್ಣು ತುಂಬಿಬಂತು. ರಾಮನಗರದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅನ್ನ, ಸಾರು, ನನ್ನ ಪುಸ್ತಕ, ಅಮ್ಮನ ಸೆರಗು ಎಲ್ಲವೂ ಅದೇ ವಾಸನೆ ಹೊಡೆಯುತ್ತಿದ್ದವು.

"ಯಾಕಮ್ಮಾ, ಘಾಟು ಜಾಸ್ತಿ ಆಯ್ತಾ?" ಎಂದರು ಮೇಡಂ. ಅಮೆರಿಕಕ್ಕೆ ಬಂದು ಅಷ್ಟು ವರ್ಷವಾಗಿದ್ದರೂ ಅವರ ಕನ್ನಡ ಮೈಸೂರಿನ ಮಂಡಿ ಮೊಹಲ್ಲಾ ಬಿಟ್ಟು ಕದಲಿರಲಿಲ್ಲ.

ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಅವರ ಕೆಲಸವೇ ಹಾಗಿತ್ತು. ಸಾವಿರ ವರ್ಷದ ಹಿಂದೆ ನಾರ್ವೆ, ಐಸ್‌ಲ್ಯಾಂಡ್ ಕಡೆಯ ಜನ ಹಡಗಿನಲ್ಲಿ ಹಸು ಕುರಿ ಹೇರಿಕೊಂಡು ಗ್ರೀನ್‌ಲ್ಯಾಂಡಿಗೆ ಹೋದರು. ಅಲ್ಲಿ ಕಲ್ಲು, ಹುಲ್ಲುಹೆಂಟೆಗಳ ಮನೆ ಕಟ್ಟಿ ಹತ್ತಾರು ತಲೆಮಾರು ಬಾಳಿದರು. ಆಮೇಲೆ ಇಲ್ಲವಾದರು. ಆ ಜನರೆಂದರೆ ಎಲ್ಲರೂ ಕತ್ತಿ, ಹಡಗು ಎನ್ನುತ್ತಾರೆ. ಮೇಡಂಗೆ ಬೇಕಾಗಿದ್ದದ್ದು ಅವರ ಮನೆಯ ನೆಲದ ಕಸ. ಹಿಮದಲ್ಲಿ ಕೆಡದೆ ಉಳಿದ ಆ ಕಸವನ್ನು ನೀರಿನಲ್ಲಿ ನೆನೆಸಿ, ಸೋಸಿ, ಸೀಮೆಎಣ್ಣೆ ಕಲಸಿ, ಮೇಲೆ ತಣ್ಣೀರು ಹೊಯ್ದರೆ ಮಣ್ಣು ತಳಕ್ಕಿಳಿಯುತ್ತದೆ. ಹುಳುಗಳ ರೆಕ್ಕೆ, ತಲೆ, ಮರಿ ಬೆಳೆಯುವ ಕೋಶಗಳು ಎಣ್ಣೆಯೊಂದಿಗೆ ತೇಲಿ ಬರುತ್ತವೆ. ಅವನ್ನು ಸೂಕ್ಷ್ಮದರ್ಶಕದ ಕೆಳಗೆ ಬೆಕ್ಕಿನ ಮೀಸೆಯಷ್ಟು ಸಣ್ಣ ಕುಂಚದಲ್ಲಿ ಒಂದೊಂದಾಗಿ ಆರಿಸಬೇಕು.

ಆ ಮನೆಯವರ ಬಗ್ಗೆ ಮೇಡಂ ಮಾತಾಡುವ ರೀತಿಗೆ ಒಗ್ಗಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಅವರೆಲ್ಲ ಪಕ್ಕದ ಬೀದಿಯಲ್ಲೇ ಇರುವಂತೆ ಮಾತು. "ಈ ವರ್ಷ ಹುಲ್ಲು ಕಡಿಮೆ ಕೊಯ್ದಿದಾರೆ, ನೋಡು" ಎನ್ನುವರು. ಒಮ್ಮೆ ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆಯೇ, "ಎಂಥ ಹೆಂಗಸು ಇವಳು, ಹಾಸಿಗೆ ಕೆಳಗಿನ ಹುಲ್ಲು ಬದಲಾಯಿಸೇ ಇಲ್ಲ, ಬರೀ ಹೇನು" ಎಂದು ಬೈದರು. ನಾನು ನಕ್ಕೆ. "ನಗಬೇಡ. ಪಾಪ, ಬಾಣಂತಿಯೋ ಏನೋ" ಎಂದು ತಾವೇ ಅವಳ ಪರ ವಹಿಸಿಕೊಂಡರು.

ಅವರು ನನಗೆ ಮೊದಲು ಪರಿಚಯ ಮಾಡಿಸಿದ್ದು ಎರಡು ನೊಣಗಳನ್ನು. ಒಂದು ಆ ಜನರ ಜೊತೆಯಲ್ಲೇ ಹಡಗಿನಲ್ಲಿ ಬಂದದ್ದು. ಬೆಚ್ಚಗಿನ ಮನೆಯ ಕೊಳಕಿನಲ್ಲಿ ಮಾತ್ರ ಬದುಕುತ್ತದೆ, ಹೊರಗಿನ ಚಳಿಗೆ ಸತ್ತುಹೋಗುತ್ತದೆ. ಅದು ಇದ್ದರೆ ಒಲೆ ಉರಿಯುತ್ತಿದೆ ಎಂದರ್ಥ. ಇನ್ನೊಂದು ಬಯಲಿನದು, ಹೆಣಕ್ಕೆ ಬರುವಂಥದು. "ಬೆಚ್ಚಗಿನದು ಹೋಗಿ ಬಯಲಿನದು ಒಳಗೆ ಬಂತು ಅಂದ್ರೆ ಮುಗೀತು ಆ ಮನೆ" ಎಂದಿದ್ದರು.

ನಮ್ಮ ಕೆಲಸವಿದ್ದದ್ದು ಒಂದೇ ಮನೆಯ ಮೇಲೆ. ಅದರ ಉಗ್ರಾಣದ ಕೊನೆಯ ಪದರದಲ್ಲಿ ಬಯಲಿನ ನೊಣ ಸಿಕ್ಕಿತ್ತು, ಒಂದು ನಾಯಿಯ ಮೂಳೆಯೂ ಸಿಕ್ಕಿತ್ತು. ಮನುಷ್ಯರದು ಎಲ್ಲೂ ಇರಲಿಲ್ಲ. ಮಲಗುವ ಕೋಣೆಯ ಒಂದು ಮೂಲೆ ಕುಸಿದು, ಅಗೆದವರಿಗೆ ಪೂರ್ತಿ ದಕ್ಕಿರಲಿಲ್ಲ. ಅಲ್ಲಿ ಯಾರಾದರೂ ಸತ್ತು ಬಿದ್ದಿದ್ದರೇ ಎಂಬುದನ್ನು ಹೇಳಬಲ್ಲದ್ದು ಆ ಕೋಣೆಯ ಕೊನೆಯ ಪದರದ ಒಂದು ಚೀಲ ಮಣ್ಣು ಮಾತ್ರ. ಆ ಚೀಲ ಮೇಡಂನ ಶೀತಲ ಕೋಣೆಯ ಮೇಲಿನ ಹಲಗೆಯಲ್ಲಿ ವರ್ಷಗಳಿಂದ ಹಾಗೇ ಕೂತಿತ್ತು. ಯಾರಿಗೂ ಅವರು ಅದನ್ನು ಕೊಟ್ಟಿರಲಿಲ್ಲ. ಅದಿಲ್ಲದೆ ನನ್ನ ಪಿಎಚ್‌ಡಿ ಪ್ರಬಂಧ ಮುಗಿಯುವಂತಿರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಮ್ಮ ಕುದಿಯುವ ನೀರಿನಲ್ಲಿ ಕೈಯಾಡಿಸಿ ರೇಷ್ಮೆಗೂಡಿನಿಂದ ನೂಲು ತೆಗೆದು ನನ್ನನ್ನು ಓದಿಸಿದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಷ್ಟು ದೂರ ಬಂದು ಒಂದು ಚೀಲ ಮಣ್ಣಿಗಾಗಿ ಪದವಿ ಬಿಡುವವಳು ನಾನಲ್ಲ. ನವೆಂಬರಿನ ಒಂದು ಮಧ್ಯಾಹ್ನ ಕೇಳಿಯೇಬಿಡೋಣವೆಂದು ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ಅವರ ಮನೆಗೆ ಹೋದೆ.

ಬಿರುಗಾಳಿಗೆ ಮರ ಬಿದ್ದು ಕರೆಂಟ್ ಹೋಗಿತ್ತು. ಆದರೂ ಮನೆ ಬೆಚ್ಚಗಿತ್ತು. ಹಾಲಿನ ಗೋಡೆಯಲ್ಲಿ ಗಾಜಿನ ಹಿಂದೆ ಗ್ಯಾಸಿನ ಉರಿ. ಆಗಸ್ಟಿನ ಬಿಸಿಲಲ್ಲೂ ಅವರು ಅದನ್ನು ಪೂರ್ತಿ ಆರಿಸುತ್ತಿರಲಿಲ್ಲ. ಬೆರಳುಗುರಷ್ಟು ನೀಲಿ ಉರಿ ಉಳಿಸುತ್ತಿದ್ದರು. ಅಮ್ಮನಿಗೆ ಹುಚ್ಚೆಂದು ಹತ್ತಿರದ ಸ್ನೊಕ್ವಾಲ್ಮಿ ಊರಿನಲ್ಲಿದ್ದ ಅವರ ಮಗ ಫರ್ಹಾನ್ ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದ.

"ಮೇಡಂ, ಆ ಚೀಲ ಬೇಕು ನಂಗೆ."

ಅವರು ಚಹಾ ಸೋಸುತ್ತಿದ್ದರು. ಸೋಸಿ ಮುಗಿಸಿ ಪಾತ್ರೆ ಕೆಳಗಿಟ್ಟರು.

"ಮಂಜುಳಾ, ನನಗೊಬ್ಬಳು ತಂಗಿ ಇದ್ಲು. ರೆಹಾನಾ ಅಂತ. ಮೈಸೂರಲ್ಲಿ ಒಬ್ಬಳೇ ಇರ್ತಿದ್ಲು. ನಾನು ಗ್ರೀನ್‌ಲ್ಯಾಂಡಲ್ಲಿ ಅಗೀತಿದ್ದಾಗ ಹೋಗ್ಬಿಟ್ಲು. ಅಕ್ಕಪಕ್ಕದೋರಿಗೆ ಗೊತ್ತಾಗೋಕೆ ಎಷ್ಟೋ ದಿನ ಹಿಡೀತು. ಬಾಗ್ಲು ಒಡೆದ್ರಂತೆ." ಲೋಟ ನನ್ನ ಕೈಗಿಟ್ಟರು. "ನಮ್ಮ ಚಿಕ್ಕಪ್ಪ ಫೋನ್ ಮಾಡಿ ಅಳ್ತಿದ್ರು. ನಾನು ಏನು ಕೇಳಿದೆ ಗೊತ್ತಾ? ಕಿಟಕಿ ತೆಗೆದಿತ್ತಾ, ನೊಣ ಇತ್ತಾ, ಅಂದೆ. ಯಾವ ದಿನ ಹೋದ್ಲು ಅಂತ ತಿಳ್ಕೊಳ್ಳೋಕೆ. ನನಗೆ ಬರೋದು ಅದೊಂದೇ ಲೆಕ್ಕ. ಅವತ್ತಿಂದ ಮೈಸೂರಿನೋರು ಯಾರೂ ನನ್ನ ಹತ್ರ ಮಾತಾಡಿಲ್ಲ."

ಹೊರಗೆ ಫರ್ ಮರಗಳು ಗಾಳಿಗೆ ಹೊಯ್ದಾಡುತ್ತಿದ್ದವು.

"ಇತ್ತಾ, ಮೇಡಂ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಅವರು ಫೋನ್ ಇಟ್ಟುಬಿಟ್ರು."

ಚಹಾದ ಪಾತ್ರೆ ತೊಳೆಯಲು ಎದ್ದವರು ಹೇಳಿದರು: "ತಗೊಂಡು ಹೋಗು ಚೀಲಾನ. ಆದ್ರೆ ನಾನು ನೋಡಲ್ಲ. ನೀನು ನೋಡಿ ಹೇಳು."

ನೋಡುವುದಿಲ್ಲ ಎಂದವರು ನಾನು ಸೀಮೆಎಣ್ಣೆ ಕಲಸುವಾಗ ಬಂದು ನಿಂತರು. ಆರಿಸುವಾಗಲೂ ಬಂದರು, ನನಗೆ ಬೆನ್ನು ಮಾಡಿ ಕೂತು ಏನೋ ಓದುತ್ತಿದ್ದರು, ಹಾಳೆ ಮಾತ್ರ ತಿರುವುತ್ತಿರಲಿಲ್ಲ. ತಟ್ಟೆಯ ತುಂಬ ಬೆಚ್ಚಗಿನ ನೊಣದ ಕೋಶಗಳು, ಕಂದು ಬಣ್ಣದವು, ಸಾಸಿವೆಗಿಂತ ಸಣ್ಣವು. ಕೆಳಗಿನ ಪದರಗಳಲ್ಲಿ ಅವಕ್ಕೆಲ್ಲ ಒಂದು ತುದಿ ತೆರೆದಿರುತ್ತಿತ್ತು. ಹೊರಗೆ ಬಂದ ನೊಣ ಮುಚ್ಚಳ ತಳ್ಳಿ ಹೋಗಿರುತ್ತದೆ. ಇವು ತೆರೆದಿರಲಿಲ್ಲ. ಅಮ್ಮ ಬೇಯಿಸಿದ ರೇಷ್ಮೆಗೂಡುಗಳ ಹಾಗೆ ಇಡಿಯಾಗಿದ್ದವು, ಒಳಗಿನದು ಒಳಗೇ ಸತ್ತು.

"ಎಲ್ಲಾ ಮುಚ್ಚಿವೆ, ಮೇಡಂ. ಒಂದೇ ಸಲ ತಣ್ಣಗಾಗಿದೆ ಮನೆ."

"ಬಯಲಿನದು?"

ಇಡೀ ತಟ್ಟೆಯನ್ನು ಮತ್ತೆ ಮೊದಲಿಂದ ನೋಡಿದೆ. ಅವರು ಕಾದರು.

"ಇಲ್ಲ. ಒಂದೂ ಇಲ್ಲ."

ಆ ಮಣ್ಣು ಹೇಳಿದಷ್ಟರ ಮಟ್ಟಿಗೆ ಅಲ್ಲಿ ಯಾರೂ ಸತ್ತು ಬಿದ್ದಿರಲಿಲ್ಲ. ಚಳಿಗಾಲದಲ್ಲಿ ಒಂದು ದಿನ ಎದ್ದು ಹೋಗಿದ್ದರು. ಮೇಡಂಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ಬಂದು ತಟ್ಟೆಯ ಮೇಲೆ ಬಗ್ಗಿದರು, ಕಣ್ಣನ್ನು ಮಸೂರಕ್ಕೆ ತಾಗಿಸಲಿಲ್ಲ, ಬರಿಗಣ್ಣಿನಲ್ಲೇ ಆ ಕಂದು ಪುಡಿಯನ್ನು ನೋಡಿದರು.

"ಹೊರಡೋವಾಗ ಬೆಂಕಿ ಆರಿಸಿದ್ದು ಯಾರು, ಮಂಜುಳಾ?" ಎಂದರು. "ಯಾರಾದ್ರೂ ಒಬ್ರು ಆರಿಸಿರಬೇಕಲ್ಲ. ಅವರ ಕೈ ಹೆಂಗಿತ್ತೋ."

ನನ್ನ ಪ್ರಬಂಧದಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಪದವಿ ಬಂತು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ನೊಣ ನೋಡಿದ್ದಕ್ಕೆ ಡಾಕ್ಟರ್ ಅಂತಾರಾ?" ಎಂದು ಕೇಳಿ, ಆಮೇಲೆ ಬೀದಿಗೆಲ್ಲ ಸಕ್ಕರೆ ಹಂಚಿದಳಂತೆ. ನನಗೆ ಅಲ್ಲೇ ಹತ್ತಿರದ ಬೆಲ್ವ್ಯೂದಲ್ಲಿ ಕೆಲಸ ಸಿಕ್ಕಿತು. ಮೇಡಂ ನಿವೃತ್ತರಾದರು, ಕಾಯಿಲೆ ಬಿದ್ದರು. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅವರ ಕೈಯಲ್ಲಿ ಸೋಪಿನ ವಾಸನೆಯಿತ್ತು. ಅದೇ ನನ್ನನ್ನು ಹೆದರಿಸಿತು. ಅವರು ಕೇಳಿದ್ದು ಒಂದೇ: "ಮನೆ ಬೆಚ್ಚಗಿದೆಯಾ?"

"ಇದೆ, ಮೇಡಂ."

ಅವರು ಹೋದ ಮೇಲೆ ಮನೆಯನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದಾಯಿತು. ಸಾಮಾನೆಲ್ಲ ಸಾಗಿಸಿದ ಮೇಲೆ ಫರ್ಹಾನ್ ಕಾಲ್ ಮಾಡಿದ. ಹುಟ್ಟಿದಾಗಿನಿಂದ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವನು ಅವತ್ತು ತಡವರಿಸಿ ಕನ್ನಡದಲ್ಲೇ ಹೇಳಿದ: "ಅಕ್ಕಾ, ನಾಳೆ ಗ್ಯಾಸ್ ಕ್ಲೋಸ್ ಮಾಡ್ಬೇಕು. ಆ ಫೈರ್ ಇದೆಯಲ್ಲ, ಅಮ್ಮಂದು. ನಂಗೆ ಆಗ್ತಿಲ್ಲ. ನೀವು ಹೋಗ್ತೀರಾ?"

ಹೋದೆ. ಖಾಲಿ ಹಾಲಿನಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಬೇರೆ ಯಾರದೋ ಎನ್ನಿಸಿತು. ಗಾಜಿನ ಹಿಂದೆ ಬೆರಳುಗುರಷ್ಟು ನೀಲಿ ಉರಿ. ಕಿಟಕಿಯ ಅಂಚಿನಲ್ಲಿ ಒಂದು ನೊಣ ಬಿಸಿಗೆ ಮೈಯೊಡ್ಡಿ ಕೂತಿತ್ತು. ಕಿಟಕಿ ತೆರೆದು ಬಿಡೋಣವೆಂದುಕೊಂಡೆ, ಹೊರಗೆ ಇಬ್ಬನಿ ಹೆಪ್ಪುಗಟ್ಟಿತ್ತು.

ಮಂಡಿಯೂರಿ ಕೂತು ಗುಂಡಿ ತಿರುಗಿಸಿದೆ. ಉರಿ ಒಮ್ಮೆ ತಗ್ಗಿ, ಇಲ್ಲವಾಯಿತು. ಬೆಂಕಿ ಆರಿಸಿದವರ ಕೈ ಹೇಗಿತ್ತೋ ಎಂದು ಮೇಡಂ ಕೇಳಿದ್ದರು, ಆಗ ನನ್ನ ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ. ಗಾಜಿನ ಮೇಲೆ ಅಂಗೈಯಿಟ್ಟು, ಅದು ತಣ್ಣಗಾಗುವವರೆಗೂ ಅಲ್ಲೇ ಕೂತಿದ್ದೆ.