ಅಲಾರಂ ಹೊಡೆದಾಗ ಮಾವನ ತಲೆಯಲ್ಲಿದ್ದದ್ದು

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ನಂಜನಗೂಡಿನ ನಮ್ಮ ಮನೆಯಿಂದ ದಿನಾ ಮೈಸೂರಿಗೆ ಓಡಾಡಿಕೊಂಡು ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮ ಕಡೆಯ ನೆಂಟರ ಬಾಯಲ್ಲಿ ಅದು 'ಹುಚ್ಚರ ಓದು'. ಮದುವೆ ಮನೆಗಳಲ್ಲಿ ಯಾರಾದರೂ ನನ್ನ ಪಕ್ಕ ಕೂತರೆ ಸ್ವಲ್ಪ ಹೊತ್ತಿಗೆ ಸುಮ್ಮನೆ ಎದ್ದು ಹೋಗುತ್ತಿದ್ದರು, ಒಳಗಿರುವುದನ್ನೆಲ್ಲ ಓದಿಬಿಡುತ್ತಾಳೆ ಅಂತ.

ಎರಡನೇ ವರ್ಷ ನಮ್ಮ ಮೇಡಂ ಒಂದು ಕಿರು ಅಧ್ಯಯನ ಕೊಟ್ಟರು. ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು, ಅವರ ಮನಸ್ಸಿನಲ್ಲಿ ಆಯಾ ಕ್ಷಣ ಏನು ನಡೆಯುತ್ತಿರುತ್ತದೆ ಎಂಬುದನ್ನು ಅವರಿಂದಲೇ ಕೇಳಿ ಬರೆಯಬೇಕು.

"ನೀವು ಸಾಮಾನ್ಯವಾಗಿ ಏನು ಯೋಚಿಸ್ತೀರಿ ಅಂತ ಮಾತ್ರ ಕೇಳಬೇಡಿ," ಎಂದರು ಮೇಡಂ. "ಹಾಗೆ ಕೇಳಿದರೆ ಎಲ್ಲರೂ ತಮ್ಮ ಮೇಲೆ ತಾವೇ ಭಾಷಣ ಮಾಡ್ತಾರೆ. ಅವರಿಗೆ ಗೊತ್ತಿಲ್ಲದ ಹೊತ್ತಿನಲ್ಲಿ ಅಲಾರಂ ಹೊಡೀಬೇಕು. ಅದು ಹೊಡೆಯೋ ಒಂದು ಕ್ಷಣ ಮುಂಚೆ ತಲೇಲಿ ಏನಿತ್ತೋ ಅಷ್ಟೇ ಸಾಕು."

ನನಗೆ ಆರಿಸಿಕೊಳ್ಳಲು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ತಿರುಮಕೂಡಲು ನರಸೀಪುರದಲ್ಲಿ ನನ್ನ ಸೋದರಮಾವನ ಬಟ್ಟೆ ಅಂಗಡಿ ಇತ್ತು. ಮಾವ ಗಂಭೀರ ಮನುಷ್ಯ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಮನೆಯಲ್ಲಿ ಪಾತ್ರೆ ಸದ್ದಾಗಬಾರದು, ಯಾರೂ ಕೆಮ್ಮಬಾರದು. ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಅವರು ಒಳಗೆ ಏನು ನೋಡುತ್ತಾರೆ ಎಂದು ನಾನು ಚಿಕ್ಕವಳಿದ್ದಾಗಿನಿಂದ ಬೆರಗಾಗುತ್ತಿದ್ದೆ.

ಹೊರಡುವ ಮುಂಚೆ ನನ್ನ ಮೇಲೇ ಒಮ್ಮೆ ಪರೀಕ್ಷಿಸಿಕೊಳ್ಳೋಣ ಎಂದು ನನ್ನ ಡಿಜಿಟಲ್ ವಾಚನ್ನು ಅಮ್ಮನ ಕೈಗೆ ಕೊಟ್ಟೆ. ಅವರು ಅಲಾರಂ ಇಟ್ಟು, ಹೊತ್ತು ಹೇಳದೆ ವಾಪಸ್ ಕೊಟ್ಟರು. ನರಸೀಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮನಸ್ಸಿನ ಆಳ ಅಗಲಗಳ ಬಗ್ಗೆ ಚಿಂತಿಸುತ್ತಿದ್ದೇನೆ ಅಂದುಕೊಂಡಿದ್ದೆ. ವಾಚು ಕಿರುಚಿತು. ನೋಡಿಕೊಂಡರೆ ತಲೆಯಲ್ಲಿದ್ದದ್ದು ಎದುರು ಸೀಟಿನವರ ಅಂಗಿಯ ಕಾಲರು ಒಳಗೆ ಮಡಚಿಕೊಂಡಿರುವುದು, ಅದನ್ನು ಎಳೆದು ಸರಿ ಮಾಡಬೇಕು ಎಂದು ತುರಿಸುತ್ತಿದ್ದ ನನ್ನ ಬೆರಳು, ಅಷ್ಟೇ.

"ಯಾರ್ದವ್ವ ಅದು, ಕೋಳಿ ಮರಿ ಇಟ್ಕಂಡಿದ್ದೀರಾ?" ಎಂದು ಕಂಡಕ್ಟರ್ ಕೂಗಿದರು.

ಮಾವ ಸಂತೋಷದಿಂದಲೇ ಒಪ್ಪಿದರು. "ನನ್ ತಲೇಲಿ ಏನೈತೆ ಅಂತ ಊರ್ಗೇ ಗೊತ್ತು. ಕೇಳು ಕೂಸೇ, ಮುಚ್ಚು ಮರೆ ಇಲ್ದೆ ಯೋಳ್ತೀನಿ."

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಕಾಫಿ ಕೊಡುವ ನೆಪದಲ್ಲಿ ಕಿವಿಯ ಹತ್ತಿರ ಬಂದರು. "ಪೂಜೆ ಹೊತ್ಗೆ ಇಡು ಕಣ್ ಕೂಸೇ. ಮದ್ವೆ ಆದಾಗಿಂದ ನಂಗೂ ತಿಳ್ಕೋಬೇಕು ಅಂತ ಆಸೆ."

ಯಾವ ಹೊತ್ತಿನಲ್ಲಾದರೂ ಹೊಡೆಯಬಹುದು ಎಂದು ಮೇಡಂ ಹೇಳಿದ್ದರಲ್ಲ. ನಾನು ಮನಃಶಾಸ್ತ್ರದ ಪರವಾಗಿ ನಿಂತೆ. ಮರುದಿನ ಬೆಳಿಗ್ಗೆ ಮಾವ ಮಣೆಯ ಮೇಲೆ ಕೂತ ಮೇಲೆ ವಾಚನ್ನು ಹೂವಿನ ಬುಟ್ಟಿಯ ಹಿಂದೆ ಇಟ್ಟು ಬಂದೆ. ನಾನೂ ಅತ್ತೆಯೂ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತೆವು.

ಅಲಾರಂ ಹೊಡೆಯಿತು. ಮಾವ ಬೆಚ್ಚಿ ಕಣ್ಣು ಬಿಟ್ಟರು.

"ಮಾವ, ಈಗ ಏನಿತ್ತು?"

ಅವರ ಮುಖದಲ್ಲಿ ಸಿಟ್ಟು ಬಂದು, ಕೊಟ್ಟ ಮಾತು ನೆನಪಾಗಿ ತಿರುಗಿ ಹೋಯಿತು. "ಎಡಗಾಲು ಜೋಮು ಹಿಡಿದಿತ್ತು. ಅದನ್ನೇ ನೋಡ್ತಿದ್ದೆ," ಎಂದರು.

"ಶಿವನ್ನ ನೋಡೋದು ಬಿಟ್ಟು ಕಾಲ್ ನೋಡ್ತಿದ್ರಾ!" ಅತ್ತೆ ಬಾಗಿಲ ಹಿಂದಿನಿಂದ ಹೊರಗೆ ಬಂದರು. "ಇದಕ್ಕಾ ನಾನು ಒಗ್ಗರಣೆ ಕೂಡ ಹಾಕ್ದೆ ಕಾಯ್ತಿದ್ದದ್ದು?"

ಮಾವ ಪೂಜೆ ಮುಗಿಸಿ, ವಾಚನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಸಂಜೆ ಅತ್ತೆ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಅವರ ಬೆನ್ನ ಹಿಂದೆಯೇ ಅಲಾರಂ ಕಿರುಚಿತು. ಮೊರ ಹಾರಿ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಸದ್ದಿಲ್ಲದೆ ಅಂಗಡಿಯಿಂದ ಬಂದಿದ್ದ ಮಾವ ಕಂಬಕ್ಕೆ ಒರಗಿ ನಗುತ್ತಿದ್ದರು.

"ಈಗ ನೀನ್ ಯೋಳು. ತಲೇಲಿ ಏನಿತ್ತು?"

ಅತ್ತೆಯ ಮುಖ ಕೆಂಪಾಯಿತು. ನನ್ನ ಕಡೆ ನೋಡಿದರು. ನಾನೂ ಪೆನ್ನು ಹಿಡಿದು ಕಾಯುತ್ತಿದ್ದೆ.

"ನಿಮ್ ಜೊತೆ ಜಗಳ ಆಡ್ತಿದ್ದೆ," ಎಂದರು ಕೊನೆಗೆ.

"ನಾನು ಮನೇಲೇ ಇರ್ಲಿಲ್ವಲ್ಲ?"

"ಮನಸ್ನಲ್ಲಿ."

ಮಾವ ನಗು ನಿಲ್ಲಿಸಿ ಎದುರು ಕೂತರು. "ಯಾರ್ ಗೆದ್ರು?"

"ನಾನೇ."

"ನಾನ್ ಏನಂದೆ?"

"ನಿಮ್ಗೆ ಮಾತಾಡಕ್ಕೇ ಬಿಡ್ಲಿಲ್ಲ."

ನಾನು ನಗು ತಡೆಯಲಾರದೆ ಕಾಳು ಆಯುವ ನೆಪದಲ್ಲಿ ಬಗ್ಗಿದೆ. ಮಾವ ಮಾತ್ರ ಬಿಡಲಿಲ್ಲ, ಯಾವ ವಿಷಯದ ಜಗಳ ಎಂದು ಕೇಳಿದರು. ಅಡುಗೆಮನೆಗೆ ಬೀದಿ ಕಡೆ ಒಂದು ಕಿಟಕಿ ಬೇಕು, ಹಗಲೆಲ್ಲ ಗೋಡೆ ನೋಡಿಕೊಂಡು ರೊಟ್ಟಿ ತಟ್ಟಿ ಸಾಕಾಗಿದೆ ಎಂದು ಅತ್ತೆ ಹೇಳಿದರು. ಈ ಜಗಳ ಮನೆ ಕಟ್ಟಿದಾಗಿನಿಂದ ನಡೆಯುತ್ತಿದೆಯಂತೆ.

"ಒಂದ್ ದಿನಾನೂ ನನ್ನ ಕೇಳ್ಲಿಲ್ವಲ್ಲೇ! ಕೇಳಿದ್ರೆ ಹೂಂ ಅಂತಿದ್ದೆ."

"ಮನಸ್ನಲ್ಲಿ ಕೇಳ್ದಾಗೆಲ್ಲ ನೀವು ಬೇಡ ಅಂತಿದ್ರಿ."

ಆಡದ ಮಾತಿಗೆ ಇಷ್ಟು ವರ್ಷ ಬೈಸಿಕೊಂಡಿದ್ದೇನಲ್ಲ ಎಂದು ಮಾವ ನಿಜಕ್ಕೂ ನೊಂದುಕೊಂಡರು. ರಾತ್ರಿ ಊಟದಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಆದರೆ ಅದೇ ವಾರ ಗಾರೆ ಕೆಲಸದವರು ಬಂದು ಅಡುಗೆಮನೆಯ ಗೋಡೆ ಒಡೆದರು.

ಮೇಡಂ ನನ್ನ ವರದಿ ಓದಿ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. "ಅಲಾರಂ ಇಡಬೇಕಾದವಳು ನೀನು. ಇಲ್ಲಿ ನಿಮ್ಮನೆಯವರೆಲ್ಲ ಇಟ್ಟಿದ್ದಾರಲ್ಲಮ್ಮ," ಎಂದು ಬೈದರು. ಪಾಸು ಮಾಡುವಷ್ಟು ಅಂಕ ಕೊಟ್ಟು, ನಾನು ಹೊರಡುವಾಗ, "ಕಿಟಕಿ ಚೆನ್ನಾಗಿ ಬಂತಾ?" ಎಂದು ಕೇಳಿದರು.

ಒಂದೆರಡು ವರ್ಷ ಬಿಟ್ಟು, ನಾನು ಕಾಲೇಜೊಂದರಲ್ಲಿ ಪಾಠ ಮಾಡಲು ಶುರುಮಾಡಿದ ಮೇಲೆ, ನರಸೀಪುರಕ್ಕೆ ಹೋಗಿದ್ದೆ. ಅತ್ತೆ ಕಿಟಕಿಯಲ್ಲಿ ನಿಂತು ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿದ್ದರು. ಮಾವ ನನ್ನನ್ನು ಜಗಲಿಯ ಮೂಲೆಗೆ ಕರೆದು ದನಿ ತಗ್ಗಿಸಿದರು.

"ಕೂಸೇ, ಬೆಳಿಗ್ಗೆಯಿಂದ ನಿಮ್ಮತ್ತೆ ನನ್ ಜೊತೆ ಮಾತಾಡ್ತಿಲ್ಲ. ಮನಸ್ನಲ್ಲಿ ಇನ್ಯಾವ ಗೋಡೆ ಒಡೆಸ್ತಾವ್ಳೋ, ಒಂದ್ಸಲ ನಿನ್ ಅಲಾರಂ ಇಟ್ ನೋಡು."

"ಅದು ಕೆಟ್ಟು ಹೋಯ್ತು ಮಾವ. ನೀವೇ ಕೇಳಿ."

ಮಾವ ಅಂಗಿ ಸರಿಮಾಡಿಕೊಂಡು, ಬೀದಿಗೆ ಇಳಿದು, ಕಿಟಕಿಯ ಹೊರಗೆ ಗಿರಾಕಿಯಂತೆ ನಿಂತರು.

"ಏನ್ ಯೋಚ್ನೆ ಮಾಡ್ತಿದ್ದೀಯೇ?"

"ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅಂತ," ಎಂದರು ಅತ್ತೆ.

ಮಾವ ನಂಬಲಿಲ್ಲ. ಸಂಜೆ ನಾನು ಬಸ್ಸು ಹತ್ತುವವರೆಗೂ ಮನೆಯ ಗೋಡೆಗಳನ್ನು ಒಂದೊಂದಾಗಿ ನೋಡಿಕೊಂಡು ಓಡಾಡುತ್ತಲೇ ಇದ್ದರು.